ಸಹಾಯ ಬೇಕು: 1952ರ ಟಾಪ್ಸ್ ಬೇಸ್‌ಬಾಲ್ ಕಾರ್ಡ್

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಹಳೇ ಬೇಸ್‌ಬಾಲ್ ಕಾರ್ಡ್ ಕೂಡಿಡುವವರು ಯಾರಾದರೂ ಇದ್ದೀರಾ? ನಾನು ಟಾಪ್ಸ್ ಕಂಪನಿ 1952ರಲ್ಲಿ ಹೊರತಂದ ಸೆಟ್ ಸೇರಿಸುತ್ತಿದ್ದೇನೆ. ಅದರಲ್ಲಿರುವ ಸ್ಟಾರ್ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡ್‌ನ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ, ಬಿಡಿ. ನನಗೆ ಇಷ್ಟ ಜಾಸ್ತಿ ಹೆಸರು ಮಾಡದ ಆಟಗಾರರೇ. ಆದರೆ 311ರಿಂದ 407ರವರೆಗಿನ ಕಾರ್ಡ್‌ಗಳು ಸೀಸನ್ ಮುಗಿಯುವ ಹೊತ್ತಿಗೆ ಅಂಗಡಿಗೆ ಬಂದು, ಸರಿಯಾಗಿ ಮಾರಾಟವಾಗದೆ, ಉಳಿದದ್ದನ್ನು 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರಂತೆ, ಹಾಗಾಗಿ ಅದರಲ್ಲಿ ಹೆಸರೇ ಕೇಳಿರದ ಆಟಗಾರನ ಕಾರ್ಡ್‌ಗೂ ವಿಪರೀತ ಬೆಲೆ!

ಇದೇ ಸೆಟ್‌ನ 1983ರ ಮರುಮುದ್ರಣ ಗುರುತಿಸುವುದು ಸುಲಭ, ಅದು ಈಗಿನ ಕಾರ್ಡ್‌ನಷ್ಟೇ ಚಿಕ್ಕದು. ನನಗೆ ಭಯ ಇರುವುದು ಹೊಸದರಂತೆ ಕಾಣಲೆಂದು ಅಂಚು ಕತ್ತರಿಸಿದ ಅಸಲಿ ಕಾರ್ಡ್‌ಗಳದ್ದು. ಮೂಲ ಅಳತೆ 2⅝ x 3¾ ಇಂಚು. ಆನ್‌ಲೈನಲ್ಲಿ ಫೋಟೋ ಮಾತ್ರ ನೋಡಿ ಕತ್ತರಿಸಿದ್ದನ್ನು ಹೇಗೆ ಹಿಡಿಯುತ್ತೀರಿ? ಮಾರುವವರ ಹತ್ತಿರ ಸ್ಕೇಲ್ ಇಟ್ಟು ಫೋಟೋ ಕೇಳಿದರೆ ತಪ್ಪು ತಿಳಿಯುತ್ತಾರಾ?

ಇನ್ನೊಂದು, ಈಗಿನ ಕಾರ್ಡ್ ಇಡುವ ಒಂಬತ್ತು ಕಿಸೆಯ ಪ್ಲಾಸ್ಟಿಕ್ ಹಾಳೆಗೆ ಇವು ಹಿಡಿಸುವುದಿಲ್ಲ, ನೀವು ಏನು ಬಳಸುತ್ತೀರಿ? ಮೂಲೆ ಸವೆದಿದ್ದರೂ ಪರವಾಗಿಲ್ಲ, 311ರ ಮೇಲಿನವು ಎರಡೆರಡು ಇದ್ದು ಕೊಡುವವರಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಮ್ಯಾಂಟಲ್ ಫ್ರೀಯಾಗಿ ಕೊಟ್ಟರೂ ಬೇಡ ಅನ್ನಲ್ಲ 😀