ಅಟ್ಟದಿಂದ ಇಳಿದ ಹಳೆಯ ಗಿಟಾರ್: ಮನೆಯಲ್ಲಿ ಎಷ್ಟು ದುರಸ್ತಿ ಸಾಧ್ಯ?

ಸಾಗರದಿಂದ ಬಂದ ಪ್ರಶ್ನೆ:

ನಮ್ಮ ತಂದೆಯವರು 1978ರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಕೊಂಡ ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರ್ ಒಂದು ಇಪ್ಪತ್ತೈದು ವರ್ಷಗಳಿಂದ ನಮ್ಮ ಮನೆಯ ಅಟ್ಟದಲ್ಲಿತ್ತು. ಕಳೆದ ವಾರ ಕೆಳಗಿಳಿಸಿ ನೋಡಿದಾಗ ತಂತಿಗಳು ತುಕ್ಕು ಹಿಡಿದು ಬಿಗಿಯಾಗಿಯೇ ಇದ್ದವು, ಒಳಗೆಲ್ಲ ಬಿಳಿಯ ಬೂಷ್ಟು ಹಿಡಿದಿತ್ತು, ತಂತಿಗಳ ತುದಿಯನ್ನು ಹಿಡಿದಿಡುವ ಮರದ ಪಟ್ಟಿಯಾದ ಬ್ರಿಜ್‌ನ ಹಿಂಬದಿ ಎದ್ದು ಅದರಡಿಗೆ ಕಾಗದ ನುಸುಳುವಷ್ಟು ಸಂದಾಗಿತ್ತು ಮತ್ತು ಮೇಲ್ಹಲಗೆಯಲ್ಲಿ ಬ್ರಿಜ್‌ನಿಂದ ಕೆಳಗೆ ಗೇಣುದ್ದದ ಬಿರುಕಿತ್ತು. ನೆಕ್‌ನ, ಅಂದರೆ ಗಿಟಾರಿನ ಉದ್ದನೆಯ ಕತ್ತಿನ, ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳಲ್ಲಿ ಹನ್ನೆರಡನೆಯದರ ಮೇಲೆ ದಪ್ಪ ತಂತಿ 5 ಮಿ.ಮೀ. ಎತ್ತರದಲ್ಲಿದೆ. ತಂದೆಯವರಿಗೆ ಈಗ ಎಪ್ಪತ್ತು ದಾಟಿದೆ, ಅವರು ಇದನ್ನು ಮತ್ತೊಮ್ಮೆ ನುಡಿಸಬೇಕೆಂಬುದು ನನ್ನ ಆಸೆ. ಮರಗೆಲಸದ ಅಲ್ಪಸ್ವಲ್ಪ ಪರಿಚಯವಿದೆ. ಮನೆಯಲ್ಲೇ ಮಾಡಬಹುದಾದ್ದು ಯಾವುದು, ಕೈ ಹಾಕಬಾರದ್ದು ಯಾವುದು ಎಂಬುದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಶಿರಸಿಯಿಂದ:

ಇದನ್ನು ಓದಿದ ಕೂಡಲೇ ಮಾಡಬೇಕಾದ ಕೆಲಸವೆಂದರೆ ತಂತಿಗಳನ್ನು ಸಡಿಲಿಸುವುದು. ಸಾಮಾನ್ಯವಾಗಿ ಬಳಸುವ 12ರ ಸೆಟ್ಟಿನ (ಅತಿ ಸಣ್ಣ ತಂತಿ 0.012 ಅಂಗುಲ ದಪ್ಪ) ಆರು ತಂತಿಗಳೂ ಶ್ರುತಿಯಲ್ಲಿದ್ದಾಗ ಒಟ್ಟು ಸುಮಾರು 70 ಕಿಲೋ ತೂಕದಷ್ಟು ಎಳೆತವಿರುತ್ತದೆ, ಆ ಭಾರವನ್ನು ಮೂರು ಮಿಲಿಮೀಟರ್ ದಪ್ಪದ ಹಲಗೆ ಹೊತ್ತಿರುತ್ತದೆ. ತಂತಿಗಳನ್ನು ಒಂದೇ ಸಲ ಕತ್ತರಿಸಬೇಡಿ, ಆರನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬನ್ನಿ.

ಎರಡನೆಯದು ತೇವ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನ ಬಟ್ಟೆಯೇ ಬೂಷ್ಟು ಹಿಡಿಯುವಾಗ ಗಿಟಾರಿನ ತೆಳುಹಲಗೆ ನೀರು ಕುಡಿಯದೆ ಇರುವುದಿಲ್ಲ. ಹಾಗೆಂದು ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು, ಅಡಿಕೆ ಒಣಗಿಸುವ ಗೂಡಿನ ಪಕ್ಕದಲ್ಲಿಡುವುದು ಇವೆಲ್ಲ ಬಿರುಕನ್ನು ಹೆಚ್ಚಿಸುವ ದಾರಿಗಳು. ಮರ ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ, ಅಡ್ಡಕ್ಕೇ ಕುಗ್ಗುತ್ತದೆ. ಆತುರದಿಂದ ಒಣಗಿಸಿದರೆ ಹೊರಮೈ ಕುಗ್ಗಿ ಒಳಗಿನ ಅಡ್ಡಪಟ್ಟಿಗಳು ಹಾಗೆಯೇ ನಿಂತು ಹಲಗೆ ಸೀಳುತ್ತದೆ. ನಾನು ನನ್ನದನ್ನು ಅದರ ಪೆಟ್ಟಿಗೆಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಒಂದು ಚಿಕ್ಕ ತೇವಾಂಶ ಮಾಪಕವನ್ನೂ ಇಟ್ಟು, ಐದು ವಾರಗಳಲ್ಲಿ ನಿಧಾನವಾಗಿ ಶೇಕಡಾ 50ರ ಆಸುಪಾಸಿಗೆ ತಂದೆ. ಗಿಟಾರಿಗೆ 45ರಿಂದ 55 ಹಿತವಾದ ಮಟ್ಟ.

ಬೂಷ್ಟನ್ನು ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ ಕುಳಿತು, ಮೆತ್ತನೆಯ ಒಣ ಕುಂಚದಿಂದ ತೆಗೆಯಿರಿ. ಸ್ಪಿರಿಟ್ ಹಚ್ಚುವ ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ಇಟ್ಟು ನೋಡಿ. ಹೊಳಪು ಅಂಟಂಟಾದರೆ ಅದು ಅರಗಿನ ಪಾಲಿಶ್, ಸ್ಪಿರಿಟ್ಟಿನಲ್ಲಿ ಕರಗಿ ಹೋಗುತ್ತದೆ. ಮರಳು ಕಾಗದವನ್ನಂತೂ ಮೈಮೇಲೆ ತರಲೇಬೇಡಿ. ನಲವತ್ತು ವರ್ಷ ಮಾಗಿದ ಹೊಳಪನ್ನು ಉಜ್ಜಿ ತೆಗೆದು ಹೊಸ ವಾರ್ನಿಷ್ ಬಳಿದವರ ಗಿಟಾರುಗಳನ್ನು ನಾನು ನೋಡಿದ್ದೇನೆ. ಬಣ್ಣ ಬಂದಿದೆ, ನಾದ ಮಂಕಾಗಿದೆ.

ಮೈಸೂರಿನಿಂದ:

ಎದ್ದ ಬ್ರಿಜ್ಜನ್ನು ನಾನು ಮೂರು ಗಿಟಾರುಗಳಲ್ಲಿ ಮತ್ತೆ ಕೂರಿಸಿದ್ದೇನೆ. ಮೊದಲನೆಯದು ಕೆಟ್ಟಿತು, ಅದರ ಕಾರಣವನ್ನೂ ಹೇಳುತ್ತೇನೆ. ಸಂದಿನೊಳಗೆ ಅಂಟು ತುರುಕಿ ಮೇಲೆ ಭಾರವಿಟ್ಟೆ. ಹಳೆಯ ಅಂಟಿನ ಪದರದ ಮೇಲೆ ಹೊಸ ಅಂಟು ಹಿಡಿಯದೆ ನಾಲ್ಕೇ ತಿಂಗಳಲ್ಲಿ ಬ್ರಿಜ್ ಪೂರ್ತಿ ಕಿತ್ತು ಬಂದು, ಹಲಗೆಯ ಸಿಬಿರನ್ನೂ ತನ್ನೊಡನೆ ಎತ್ತಿಕೊಂಡು ಹೋಯಿತು. ಹಿಂಬದಿ ಮಾತ್ರ ಎದ್ದಿದ್ದರೂ ಬ್ರಿಜ್ಜನ್ನು ಪೂರ್ತಿ ಬಿಡಿಸಿ ಕೂರಿಸುವುದೇ ಸರಿಯಾದ ಕ್ರಮವೆಂದು ಆಗ ಕಲಿತೆ.

ಮೊದಲು ಮೇಲ್ಹಲಗೆಯ ನಡುವಿನ ದುಂಡು ರಂಧ್ರವಾದ ಸೌಂಡ್ ಹೋಲ್‌ನೊಳಗೆ ಚಿಕ್ಕ ಕನ್ನಡಿ ಮತ್ತು ಟಾರ್ಚ್ ಹಿಡಿದು ಬ್ರಿಜ್‌ನ ತಳಭಾಗವನ್ನು ನೋಡಿ. ಬ್ರಿಜ್‌ನ ಮೇಲಿರುವ ಬಿಳಿಯ ಚುಕ್ಕೆಗಳ ಅಡಿಯಲ್ಲಿ ಅನೇಕ ಗಿಟಾರುಗಳಿಗೆ ಬೋಲ್ಟ್ ಇರುತ್ತದೆ, ಅದನ್ನು ಬಿಚ್ಚದೆ ಎಬ್ಬಲು ಹೋದರೆ ಹಲಗೆಯೇ ಒಡೆಯುತ್ತದೆ. ಅದೇ ಕನ್ನಡಿಯಲ್ಲಿ ಒಳಗಿನ ಅಡ್ಡಪಟ್ಟಿಗಳು, ಅಂದರೆ ಬ್ರೇಸ್‌ಗಳು, ಎಲ್ಲಾದರೂ ಬಿಟ್ಟಿವೆಯೇ ಎಂದೂ ಪರೀಕ್ಷಿಸಿ. ಹೊರಗಿನಿಂದ ಬೆರಳ ಗೆಣ್ಣಿನಿಂದ ತಟ್ಟಿದಾಗ ಒಂದು ಕಡೆ ಮಾತ್ರ ಗರಗರ ಎಂದರೆ ಅಲ್ಲಿ ಬ್ರೇಸ್ ಬಿಟ್ಟಿದೆಯೆಂದು ತಿಳಿಯಬಹುದು.

ಬ್ರಿಜ್ಜಿನ ಸುತ್ತ ಅದರ ಆಕಾರಕ್ಕೆ ಕತ್ತರಿಸಿದ ರಟ್ಟಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಇಡಬೇಕು. ತಂತಿಗಳು ಕೂರುವ, ಬ್ರಿಜ್ ಮೇಲಿನ ತೆಳುಪಟ್ಟಿಯಾದ ಸ್ಯಾಡಲ್ ತೆಗೆದು, ಬ್ರಿಜ್ ಮೇಲೆ ಮಾತ್ರ ಇಸ್ತ್ರಿಪೆಟ್ಟಿಗೆಯನ್ನು ಮಧ್ಯಮ ಶಾಖದಲ್ಲಿ ಎರಡೆರಡು ನಿಮಿಷ ಇಟ್ಟು ತೆಗೆಯುತ್ತ, ಮರವನ್ನು ಮುಟ್ಟಿದರೆ ಕೈ ಹಿಂದೆಳೆಯುವಷ್ಟು ಬಿಸಿಯಾದ ಮೇಲೆ, ತೆಳ್ಳನೆಯ ಮೊಂಡ ಚಾಕುವನ್ನೂ ಬಿಸಿ ಮಾಡಿ ಹಿಂಬದಿಯಿಂದ ಒಳಸೇರಿಸಬೇಕು. ಇಲ್ಲಿ ಬಲಕ್ಕೆ ಜಾಗವಿಲ್ಲ. ನನ್ನ ಎರಡನೆಯ ಗಿಟಾರಿನಲ್ಲಿ ನಲವತ್ತು ನಿಮಿಷ ಹಿಡಿಯಿತು. ಚಾಕು ಒಂದು ಕೂದಲೆಳೆಯಷ್ಟು ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಶಾಖ ಕೊಡುವುದು. ಕೊನೆಗೆ ಚಿಟ್ ಎಂಬ ಸಣ್ಣ ಸದ್ದಾಗಿ ಬ್ರಿಜ್ ಕೈಗೆ ಬಂದಾಗ ಅದರಡಿಯಲ್ಲಿ ಕಂದುಬಣ್ಣದ ಗಾಜಿನಂಥ ಅಂಟಿನ ಪದರವಿತ್ತು, ಅಂಚಿನಲ್ಲಿ ಸುತ್ತಲೂ ಎರಡು ಮಿಲಿಮೀಟರ್ ಅಗಲಕ್ಕೆ ಹೊಳಪಿನ ಲೇಪವಾದ ಲ್ಯಾಕರ್ ಇತ್ತು. ಕಾರ್ಖಾನೆಯವರು ಲ್ಯಾಕರಿನ ಮೇಲೆಯೇ ಅಂಟು ಹಾಕಿದ್ದರಿಂದ ಅಂಚು ಎಂದೂ ಸರಿಯಾಗಿ ಹಿಡಿದಿರಲಿಲ್ಲ. ಬ್ರಿಜ್ ಕೂರುವ ಜಾಗದಷ್ಟು ಲ್ಯಾಕರನ್ನು ಹೆರೆದು ಬರಿ ಮರ ಕಾಣಿಸಿದ ಮೇಲೆಯೇ ಮುಂದಿನ ಕೆಲಸ.

ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಪೀಠೋಪಕರಣಕ್ಕೆ ಬಳಸುವ ಬಿಳಿಯ ಅಂಟು ಸದಾ ಎಳೆತವಿರುವ ಕಡೆ ನಿಧಾನವಾಗಿ ಜರುಗುತ್ತದೆ. ಎಪಾಕ್ಸಿ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಮುಂದೆ ಬಿಡಿಸಬೇಕಾದಾಗ ಮರಕ್ಕೆ ಪೆಟ್ಟಾಗದೆ ಬಿಡಿಸುವುದು ಕಷ್ಟ. ಬಡಗಿಗಳು ವಜ್ರವೆಂದೋ ಸರೇಸು ಎಂದೋ ಕರೆಯುವ, ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ ಮಾಡಿದ ಅಂಟೇ ಈ ಕೆಲಸಕ್ಕೆ ಶ್ರೇಷ್ಠ. ಅದನ್ನು ನೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಬೇಕು. ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ, ಐವತ್ತು ವರ್ಷಗಳ ನಂತರವೂ ಶಾಖ ಮತ್ತು ತೇವ ತಾಗಿಸಿದರೆ ಬಿಡುತ್ತದೆ. ಆದರೆ ಹಚ್ಚಿ ಕೂರಿಸಲು ಸಿಗುವುದು ಒಂದೆರಡು ನಿಮಿಷ ಮಾತ್ರ. ಆದ್ದರಿಂದ ಅಂಟಿಲ್ಲದೆ ಎರಡು ಮೂರು ಬಾರಿ ಕ್ಲ್ಯಾಂಪ್ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಅಷ್ಟು ವೇಗ ಸಾಧ್ಯವಿಲ್ಲವೆನಿಸಿದರೆ ಮರಗೆಲಸದ ಹಳದಿ ಅಂಟು ಬಳಸಬಹುದು, ಅದೂ ಶಾಖಕ್ಕೆ ಬಿಡುತ್ತದೆ.

ಕೂರಿಸುವಾಗ ಅಳತೆ ತಪ್ಪಬಾರದು. ನೆಕ್ ತುದಿಯಲ್ಲಿ ತಂತಿಗಳು ಹಾದುಹೋಗುವ ಗಾಡಿಗಳಿರುವ ಪಟ್ಟಿಯಾದ ನಟ್‌ನಿಂದ ಹನ್ನೆರಡನೆಯ ಫ್ರೆಟ್‌ಗೆ ಎಷ್ಟು ದೂರವೋ, ಅಲ್ಲಿಂದ ಸ್ಯಾಡಲ್‌ಗೆ ಅಷ್ಟೇ ದೂರ ಮತ್ತು ಎರಡು ಮೂರು ಮಿಲಿಮೀಟರ್ ಹೆಚ್ಚು ಇರಬೇಕು. ಕ್ಲ್ಯಾಂಪನ್ನು ಇಪ್ಪತ್ತನಾಲ್ಕು ಗಂಟೆ ಬಿಟ್ಟು, ತಂತಿಯನ್ನು ಮತ್ತೆ ಎರಡು ದಿನ ಬಿಟ್ಟು ಹಾಕಿ.

ಹಳೆಯ ಬ್ರಿಜ್ ಬೀಟೆ ಮರದ್ದಾಗಿದ್ದರೆ ಅದನ್ನು ಎಸೆದು ಹೊಸದು ಹಾಕಿಸಬೇಡಿ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ ಅಮೆರಿಕದ ಗಿಟಾರ್ ಕಂಪನಿ ಮಾರ್ಟಿನ್ 1969ರಲ್ಲಿ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಗೆ, ತಿರುಗಿತು. ಅಂಥ ಮರ ನಿಮ್ಮ ಕೈಯಲ್ಲೇ ಇರುವಾಗ ಅದನ್ನು ಉಳಿಸಿಕೊಳ್ಳುವುದೇ ಲೇಸು.

ಅಮೆರಿಕದ ಮಿನಿಯಾಪೊಲಿಸ್‌ನಿಂದ:

ಬಿರುಕಿನ ವಿಚಾರವಾಗಿ ಒಂದು ಮಾತು. ನಮ್ಮಲ್ಲಿ ತೊಂದರೆ ಸಾಗರಕ್ಕೆ ತದ್ವಿರುದ್ಧ. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿಯುವಾಗ ತೇವಾಂಶ ಶೇಕಡಾ 20ಕ್ಕೂ ಇಳಿಯುತ್ತದೆ. ಊರಿನಿಂದ ತಂದ ಗಿಟಾರಿನ ಮೇಲ್ಹಲಗೆ ಮೊದಲ ಜನವರಿಯಲ್ಲೇ ಉಗುರು ತೂರುವಷ್ಟು ಸೀಳಿತು, ಫ್ರೆಟ್‌ಗಳ ತುದಿಗಳು ಹೊರಚಾಚಿ ಕೈ ಕೊಯ್ಯತೊಡಗಿದವು. ಸ್ಪಂಜನ್ನು ನೆನೆಸಿ ಹಿಂಡಿ, ರಂಧ್ರ ಮಾಡಿದ ಸಾಬೂನು ಡಬ್ಬಿಯಲ್ಲಿಟ್ಟು, ಗಿಟಾರಿನ ಜೊತೆ ಪೆಟ್ಟಿಗೆಯೊಳಗೆ ಮೂರು ವಾರ ಇಟ್ಟೆ. ಸೀಳು ತಾನಾಗಿ ಮುಚ್ಚಿ ಕೂದಲೆಳೆಯ ಗೆರೆಯಾಯಿತು.

ಇದರಿಂದ ನಿಮಗೆ ಸಿಗುವ ಪಾಠವೆಂದರೆ, ಮರ ನೀರು ಕುಡಿದು ಉಬ್ಬಿರುವಾಗ ಬಿರುಕನ್ನು ಅಂಟಿಸಬೇಡಿ. ಬೇಸಿಗೆಯಲ್ಲಿ ಅದು ಪಕ್ಕದಲ್ಲಿ ಮತ್ತೆ ಸೀಳುತ್ತದೆ. ಶೇಕಡಾ 45ರಿಂದ 50ರಲ್ಲಿ ಕೆಲವು ವಾರ ಇದ್ದ ಮೇಲೆ ಅಂಟಿಸಿ. ತೆಳುವಾದ ಅಂಟನ್ನು ಬೆರಳಿನಿಂದ ಬಿರುಕಿಗೆ ತಿಕ್ಕುತ್ತ, ಒಳಗಿನಿಂದ ಇನ್ನೊಂದು ಕೈಯಿಂದ ಹಲಗೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಅಂಟು ಒಳಕ್ಕೆ ಇಳಿಯುತ್ತದೆ. ಆಮೇಲೆ ಒಳಬದಿಯಲ್ಲಿ ಬಿರುಕಿಗೆ ಅಡ್ಡಲಾಗಿ, ಎರಡು ಮಿಲಿಮೀಟರ್ ದಪ್ಪದ ಚಿಕ್ಕ ಮರದ ಬಿಲ್ಲೆಗಳನ್ನು ಎರಡಂಗುಲಕ್ಕೊಂದರಂತೆ ಅಂಟಿಸಿ, ಅಂಚುಗಳನ್ನು ತೆಳುವಾಗಿಸಿ. ಸೌಂಡ್ ಹೋಲ್‌ನ ಅಂಚನ್ನು ಗಮನಿಸಿ: ಮೇಲಿನ ಎಳೆಗಳು ಅಂಚಿನಲ್ಲಿಯೂ ಮುಂದುವರಿದರೆ ಇಡಿ ಹಲಗೆ, ಪದರಗಳು ಕಂಡರೆ ಪ್ಲೈ. ಪ್ಲೈ ಆಗಿದ್ದರೆ ಬಿರುಕು ಹೆಚ್ಚಾಗಿ ಮೇಲಿನ ಪದರದ್ದು, ಬಿಲ್ಲೆಗಳೂ ಬೇಕಾಗಲಾರವು.

ಮಂಗಳೂರಿನಿಂದ:

5 ಮಿ.ಮೀ. ಎತ್ತರದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸ್ಟೀಲ್ ತಂತಿಗೆ ದಪ್ಪ ತಂತಿಯ ಕಡೆ 2.5 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ. ಇದ್ದರೆ ಕೈಗೆ ಹಿತ. ಅನೇಕರು ನೆಕ್ ಒಳಗಿನ ಲೋಹದ ಸರಳಾದ ಟ್ರಸ್ ರಾಡ್ ತಿರುಗಿಸಿ ತಂತಿ ಇಳಿಸಲು ಹೋಗುತ್ತಾರೆ, ಅದು ತಪ್ಪು. ರಾಡ್ ಇರುವುದು ನೆಕ್‌ನ ಬಾಗನ್ನು ತಿದ್ದಲು ಮಾತ್ರ, ಹಳೆಯ ಅಗ್ಗದ ಗಿಟಾರುಗಳಲ್ಲಿ ತಿರುಗಿಸುವ ರಾಡೇ ಇರುವುದಿಲ್ಲ. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಮೈಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದಾಗ, ಏಳನೆಯ ಫ್ರೆಟ್‌ನ ಮೇಲೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿದ್ದರೆ ನೆಕ್ ಸರಿಯಾಗಿದೆ. ಹೆಚ್ಚಿದ್ದರೆ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು.

ಬ್ರಿಜ್ ಕೂರಿಸಿದ ಮೇಲೆ ಉದ್ದನೆಯ ನೇರ ಪಟ್ಟಿಯೊಂದನ್ನು ಫ್ರೆಟ್‌ಗಳ ಮೇಲಿಟ್ಟು ಬ್ರಿಜ್‌ವರೆಗೆ ಚಾಚಿ. ಅದರ ತುದಿ ಬ್ರಿಜ್‌ನ ಮೇಲ್ಮೈಯನ್ನು ಸವರಿಕೊಂಡು ಹೋದರೆ ಸ್ಯಾಡಲ್ ಉಜ್ಜಿ ಇಳಿಸಿದರೆ ಸಾಕು. ಹನ್ನೆರಡನೆಯ ಫ್ರೆಟ್‌ನಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ 2 ಮಿ.ಮೀ. ಇಳಿಯಬೇಕು. ಪಟ್ಟಿ ಬ್ರಿಜ್‌ನ ಮುಂಭಾಗಕ್ಕೆ ಬಡಿದರೆ ನೆಕ್‌ನ ಕೋನವೇ ಬದಲಾಗಿದೆ ಎಂದರ್ಥ. ಆಗ ಹದಿನೈದನೆಯ ಫ್ರೆಟ್ ಕಿತ್ತು, ಅಲ್ಲಿ ರಂಧ್ರ ಕೊರೆದು ಹಬೆ ಹಾಯಿಸಿ, ನೆಕ್ಕನ್ನೇ ಬಿಡಿಸಿ ಅದು ಮೈಗೆ ಸೇರುವ ಬುಡವನ್ನು ಕೆತ್ತಿ ಕೂರಿಸಬೇಕಾಗುತ್ತದೆ. ಅದು ಮೊದಲ ಸಲ ಮನೆಯಲ್ಲಿ ಮಾಡುವ ಕೆಲಸವಲ್ಲ, ಅನುಭವಿಗಳ ಕೈಗೆ ಕೊಡಿ.

ಹೊಸ ತಂತಿಗೆ 10ರ ಸೆಟ್ ಸಾಕು. ಎಳೆತ ಸುಮಾರು 60 ಕಿಲೋಗೆ ಇಳಿಯುತ್ತದೆ, ಎಪ್ಪತ್ತು ದಾಟಿದವರ ಬೆರಳಿಗೂ ನೋವಾಗುವುದಿಲ್ಲ.

ಸಾಗರದಿಂದ, ಮೂರು ತಿಂಗಳ ನಂತರ:

ಎಲ್ಲರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ಒಣಗಲು ಏಳು ವಾರ ಬೇಕಾಯಿತು. ಮೇಲ್ಹಲಗೆ ಇಡಿ ಮರದ್ದೇ ಎಂದು ಗೊತ್ತಾದ್ದರಿಂದ ಒಳಗೆ ನಾಲ್ಕು ಬಿಲ್ಲೆಗಳನ್ನು ಹಾಕಿದೆ. ಬ್ರಿಜ್‌ನ ಚುಕ್ಕೆಗಳ ಅಡಿಯಲ್ಲಿ ಎರಡು ಬೋಲ್ಟ್‌ಗಳು ಇದ್ದೇ ಇದ್ದವು. ಮೈಸೂರಿನವರು ಎಚ್ಚರಿಸದೆ ಹೋಗಿದ್ದರೆ ಹಲಗೆ ಉಳಿಯುತ್ತಿರಲಿಲ್ಲ. ಪಟ್ಟಿಯಿಟ್ಟು ನೋಡಿದಾಗ ಅದು ಬ್ರಿಜ್‌ನ ಮೇಲ್ಮೈಗಿಂತ ಅರ್ಧ ಮಿಲಿಮೀಟರ್ ಕೆಳಗೆ ಬಡಿಯುತ್ತದೆ. ಸ್ಯಾಡಲನ್ನು ಇಳಿಸುವಷ್ಟು ಇಳಿಸಿ, ದಪ್ಪ ತಂತಿಯನ್ನು 3.2 ಮಿ.ಮೀ.ಗೆ ತಂದು ನಿಲ್ಲಿಸಿದ್ದೇನೆ, ನೆಕ್ಕನ್ನು ಮುಟ್ಟಿಲ್ಲ. ತಂದೆಯವರು ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಂಡು ದಿನವೂ ಸಂಜೆ ಜಗಲಿಯಲ್ಲಿ ಕುಳಿತು ನುಡಿಸುತ್ತಿದ್ದಾರೆ. ಮಳೆಗಾಲ ಹಿಡಿಯುವ ಮೊದಲು ಅದನ್ನಿಡಲು ಬಿಗಿ ಮುಚ್ಚಳದ ಪೆಟ್ಟಿಗೆಯೊಂದನ್ನು ಮಾಡಿಸಲು ಬಡಗಿಗೆ ಹೇಳಿದ್ದೇನೆ.