ಕಡುನೀಲಿ ಬಟ್ಟೆ ಮೇಲೆ ಬಿಳಿ ಹಿಮ ಮಂಕಾಗಿ ಕಾಣುತ್ತಿದೆ, ಏನು ಮಾಡಲಿ?

ಬೆಣ್ಣೆನಗರಿ ಕಸೂತಿ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಪಕ್ಕದ ಮನೆಯವರಿಗೆ ಕ್ರಿಸ್‌ಮಸ್‌ಗೆ ಕೊಡೋಣ ಅಂತ ಒಂದು ಕ್ರಾಸ್ ಸ್ಟಿಚ್ (ಎಕ್ಸ್ ಆಕಾರದ ಹೊಲಿಗೆ) ಚಿತ್ರ ಹಾಕುತ್ತಿದ್ದೇನೆ. ಹಿಮ ಬಿದ್ದ ಪುಟ್ಟ ಮನೆ, ಅಕ್ಕಪಕ್ಕ ಪೈನ್ ಮರ, ಬಾಗಿಲಿಗೆ ಕೆಂಪು ರಿಬ್ಬನ್. ಬಟ್ಟೆ 14 ಕೌಂಟ್ ಐಡಾ (ಇಂಚಿಗೆ 14 ಚೌಕ ಬರುವ, ತೂತು ತೂತಾದ ಕಸೂತಿ ಬಟ್ಟೆ), ಕಡುನೀಲಿ. ಚಾರ್ಟಿನಲ್ಲಿ ಹೇಳಿದಂತೆ ಎರಡು ಎಳೆ ದಾರ. ಮರ ಚೆನ್ನಾಗಿ ಬಂದಿದೆ. ಚಾವಣಿ ಮೇಲಿನ ಹಿಮ ಮಾತ್ರ ಬೂದಿ ಬಣ್ಣದ ಹಾಗೆ ಕಾಣುತ್ತಿದೆ. ಹತ್ತಿರದಿಂದ ನೋಡಿದರೆ ಹೊಲಿಗೆಗಳ ಮಧ್ಯೆ ನೀಲಿ ಇಣುಕುತ್ತದೆ. ಎಲ್ಲ ಬಿಚ್ಚಬೇಕಾ? ರಿಬ್ಬನ್ ಇನ್ನೂ ಹಾಕಿಲ್ಲ. ಕೆಂಪು ದಾರ ಬಣ್ಣ ಬಿಟ್ಟರೆ ಅನ್ನೋ ಭಯವೂ ಇದೆ.

ದುರ್ಗದ ಸೂಜಿ (ಚಿತ್ರದುರ್ಗ)
ಬಿಚ್ಚಬೇಡಿ ಅಕ್ಕಾ. 14 ಕೌಂಟ್‌ಗೆ ಎರಡು ಎಳೆ ಅನ್ನೋದು ಬಿಳಿ ಬಟ್ಟೆಗೆ ಸರಿ. ಕಡು ಬಣ್ಣದ ಬಟ್ಟೆ ಮೇಲೆ ಬಿಳಿಗೆ ಮೂರು ಎಳೆ ಬೇಕು. ಮುಗಿದ ಹಿಮದ ಮೇಲೆ, ಪ್ರತಿ ಹೊಲಿಗೆಯ ಮೇಲಿನ ಓರೆಗೆ ಇನ್ನೊಂದೇ ಎಳೆ ಹಾಯಿಸಿ. ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ.

ದಾರ ಹುರಿಗೊಂಡಿದ್ದರೂ ನೀಲಿ ಕಾಣುತ್ತದೆ. ಎಳೆಗಳು ಹುರಿಯಾದರೆ ಸಣ್ಣಗಾಗುತ್ತವೆ, ಪಕ್ಕಪಕ್ಕ ಚಪ್ಪಟೆಯಾಗಿ ಮಲಗಿದರೆ ಜಾಗ ಮುಚ್ಚುತ್ತವೆ. ಅದಕ್ಕೇ ಲಡಿಯಿಂದ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಆಮೇಲೆ ಜೋಡಿಸಿ. ಹೊಲಿಯುವಾಗ ಆಗಾಗ ಬಟ್ಟೆ ಎತ್ತಿ ಸೂಜಿಯನ್ನು ಸುಮ್ನೆ ನೇತಾಡಲು ಬಿಡಿ. ಅದು ತಾನೇ ಗಿರ್ರನೆ ತಿರುಗಿ ಹುರಿ ಬಿಡುತ್ತದೆ. ದಾರ ಬಿಗಿಯಾಗಿ ಎಳೆಯಬೇಡಿ, ತೂತು ಅಗಲವಾಗುತ್ತದೆ. ಕಸೂತಿಯ ಮೆಂತೆ (ನಮ್ಮ ಕಡೆಯ ಕ್ರಾಸ್ ಸ್ಟಿಚ್) ಹಾಕಿ ಅಭ್ಯಾಸ ಇದ್ದವರಿಗೆ ಈ ಹದ ಬೇಗ ಸಿಗುತ್ತದೆ.

ದಾರದ ಲೆಕ್ಕವೂ ನೋಡಿಕೊಳ್ಳಿ. 8 ಮೀಟರ್ ಲಡಿಯಲ್ಲಿ ಆರು ಎಳೆ. ಎರಡೆರಡಾಗಿ ತೆಗೆದರೆ 24 ಮೀಟರ್ ಬರುತ್ತದೆ, ಮೂರಾದರೆ 16 ಮಾತ್ರ. ಮತ್ತೆ ತರುವಾಗ ಅದೇ ಕಂಪನಿ, ಅದೇ ನಂಬರ್ ತನ್ನಿ. ಡಿಎಂಸಿ ಕಂಪನಿಯ ದಾರದಲ್ಲಿ ಬಿ5200 ಅನ್ನೋದು ಅಚ್ಚ ಬಿಳಿ, ಬ್ಲಾಂಕ್ ಅನ್ನೋ ಬಿಳಿ ಸ್ವಲ್ಪ ಮೃದು. ಎರಡೂ ಒಂದೇ ಚಾವಣಿಯಲ್ಲಿ ಸೇರಿದರೆ ತೇಪೆ ಹಾಕಿದಂತೆ ಕಾಣುತ್ತದೆ.

ಕಡು ಬಟ್ಟೆಯಲ್ಲಿ ತೂತು ಕಾಣದಿದ್ದರೆ ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಳ್ಳಿ. ಕಣ್ಣಿಗೆ ಎಷ್ಟೋ ಆರಾಮ.

ಚೌಕಿಪೇಟೆ ದಾರ (ದಾವಣಗೆರೆ)
ಕೆಂಪಿನ ಬಗ್ಗೆ ನಾನು ಹೇಳ್ತೀನಿ. ಹೊಲಿಯುವ ಮೊದಲೇ ಒಂದು ತುಂಡು ದಾರ ಒದ್ದೆ ಮಾಡಿ, ಬಿಳಿ ಹತ್ತಿ ಬಟ್ಟೆಯಲ್ಲಿ ಒತ್ತಿ ನೋಡಿ. ಗುಲಾಬಿ ಗುರುತು ಬಂದರೆ ಆ ದಾರ ಬೇಡ. ಪೇಟೆಯಲ್ಲಿ ಸಿಗೋ ಬಿಡಿ ರೀಲುಗಳಿಗೆ ಇದನ್ನು ತಪ್ಪದೇ ಮಾಡಿ. ಮುಗಿದ ಮೇಲೆ ತಣ್ಣೀರಲ್ಲೇ ತೊಳೆಯಿರಿ. ಬಣ್ಣ ಬಿಟ್ಟಿದ್ದು ಕಂಡರೆ ಒಣಗಲು ಬಿಡಲೇಬೇಡಿ, ಇಸ್ತ್ರಿಯಂತೂ ಮುಟ್ಟಿಸಬೇಡಿ. ನೀರು ತಿಳಿಯಾಗಿ ಹರಿಯುವವರೆಗೂ ನಲ್ಲಿ ಕೆಳಗೆ ಹಿಡಿಯಿರಿ. ಬೋರ್ ನೀರು ಗಡಸಾಗಿದ್ದರೆ ಕೊನೆಯ ಜಾಲಾಟಕ್ಕೆ ಆರ್‌ಒ ಫಿಲ್ಟರ್ ನೀರು ಬಳಸಿ, ಕಡುನೀಲಿ ಮೇಲೆ ಬಿಳಿ ಕಲೆ ಕೂರುವುದಿಲ್ಲ.

ಬೆಣ್ಣೆನಗರಿ ಕಸೂತಿ
ಚಾವಣಿಯ ಎಡ ಮೂಲೆಯಲ್ಲಿ ಒಂದು ಎಳೆ ಹಾಯಿಸಿ ನೋಡಿದೆ. ನೀಲಿ ಮುಚ್ಚಿತು! ಈಗ ಅದು ಹಿಮದ ಹಾಗೇ ಕಾಣುತ್ತಿದೆ, ತುಂಬಾ ಖುಷಿಯಾಯಿತು. ಇನ್ನು ಆಕಾಶದ ತುಂಬ ಒಂಟಿ ಹಿಮದ ಚುಕ್ಕಿಗಳಿವೆ. ಅವಕ್ಕೂ ಮೂರು ಎಳೆಯೇ?

ದುರ್ಗದ ಸೂಜಿ
ಹೌದು, ಮೂರೇ. ಆದರೆ ದೂರದ ಚುಕ್ಕಿಗಳಿಗೆ ಹಿಂದಿನಿಂದ ದಾರ ಎಳೆದುಕೊಂಡು ಹೋಗಬೇಡಿ. ಬಿಳಿ ದಾರ ನೀಲಿ ಬಟ್ಟೆಯ ತೂತಿನಲ್ಲಿ ಗೆರೆಯಾಗಿ ಕಾಣುತ್ತದೆ, ಫ್ರೇಮ್ ಹಾಕಿದ ಮೇಲಂತೂ ಇನ್ನೂ ಜಾಸ್ತಿ. ಪ್ರತಿ ಚುಕ್ಕಿ ಮುಗಿಸಿ ಅಲ್ಲೇ ಕತ್ತರಿಸಿ. ಬೇಜಾರಿನ ಕೆಲಸ ನಿಜ, ಆದರೆ ಆಕಾಶ ಸ್ವಚ್ಛವಾಗಿ ಬರಬೇಕಲ್ವಾ? ದಾರದ ತುದಿಯನ್ನು ಆ ಚುಕ್ಕಿಯ ಹಿಂಬದಿಯ ಹೊಲಿಗೆ ಅಡಿಯಲ್ಲೇ ಎರಡು ಸಲ ಹಾಯಿಸಿದರೆ ಬಿಚ್ಚುವುದಿಲ್ಲ.