ಬ್ರೆಡ್‌ಬೋರ್ಡ್ ಮೇಲೆ ಎಲ್‌ಪಿಬಿ-1: ಸೌಂಡ್ ಬರುತ್ತದೆ, ಬೂಸ್ಟ್ ಇಲ್ಲ

ಪ್ರಶ್ನೆ

ಗಿಟಾರ್ ಪೆಡಲ್ ಕಟ್ಟಲು ಕಲಿಯೋಣ ಅಂತ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ತೂತಿನ ಹಲಗೆ) ಕಿಟ್ ತರಿಸಿದೆ. ಮೊದಲಿಗೆ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಎಲ್‌ಪಿಬಿ-1 ಬೂಸ್ಟರ್ (ಗಿಟಾರ್ ಸಿಗ್ನಲ್ ಜೋರು ಮಾಡುವ) ಸರ್ಕ್ಯೂಟ್ ಜೋಡಿಸಿದ್ದೇನೆ. ಒಂದೇ ಟ್ರಾನ್ಸಿಸ್ಟರ್, ಸುಲಭ ಅಲ್ವಾ? ಆದರೆ ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಅಷ್ಟೇನೂ ಜೋರಾಗುವುದಿಲ್ಲ, ಟ್ರೆಬಲ್ (ತೀಕ್ಷ್ಣ ಸ್ವರ) ಸತ್ತ ಹಾಗಿದೆ. ಜೊತೆಗೆ ಸುಯ್ ಅನ್ನುವ ಸದ್ದು. ರಾತ್ರಿ ಹೊತ್ತು ಸಣ್ಣಗೆ ರೇಡಿಯೋ ಬೇರೆ ಕೇಳಿಸುತ್ತದೆ! ಲೇಔಟಿನಲ್ಲಿ (ಜೋಡಣೆ ಚಿತ್ರದಲ್ಲಿ) 2ಎನ್5088 ಟ್ರಾನ್ಸಿಸ್ಟರ್ ಅಂತಿತ್ತು. ಅದು ಸಿಗಲಿಲ್ಲ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕ ಬಿಸಿ547 ಹಾಕಿದೆ. 9 ವೋಲ್ಟ್ ಬ್ಯಾಟರಿ ಹೊಸದು, ವೈರಿಂಗ್ ಚಿತ್ರದಲ್ಲಿದ್ದ ಹಾಗೇ ಇದೆ.

ಉತ್ತರ

ಸುಮ್ನೆ ಊಹೆ ಮಾಡುವುದು ಬೇಡ. ಮಲ್ಟಿಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ ಹಿಡಿದು, ಲೇಔಟಿನ ಪ್ರಕಾರ ಟ್ರಾನ್ಸಿಸ್ಟರಿನ ಬೇಸ್, ಎಮಿಟರ್, ಕಲೆಕ್ಟರ್ ಮೂರು ಕಾಲುಗಳ ವೋಲ್ಟೇಜ್ ಹೇಳಿ.

ಪ್ರಶ್ನೆ ಕೇಳಿದವರು

ಬೇಸ್ 0.6, ಎಮಿಟರ್ ಹೆಚ್ಚುಕಮ್ಮಿ ಸೊನ್ನೆ, ಕಲೆಕ್ಟರ್ 8.6.

ಉತ್ತರ

ಸಿಕ್ಕಿತು ನೋಡಿ. ಕಲೆಕ್ಟರ್ 4ರಿಂದ 5 ವೋಲ್ಟ್ ಆಸುಪಾಸು ಇರಬೇಕು. 8.6 ಅಂದರೆ ಕಲೆಕ್ಟರಿಗೆ ಪವರ್ ಕೊಡುವ 10ಕೆ (10 ಕಿಲೋಓಮ್) ರೆಸಿಸ್ಟರಿನಲ್ಲಿ ಕರೆಂಟ್ ಹರಿಯುತ್ತಲೇ ಇಲ್ಲ ಅನ್ನುವಷ್ಟು ಕಮ್ಮಿ. ಟ್ರಾನ್ಸಿಸ್ಟರ್ ತಿರುವುಮುರುವಾಗಿದೆ.

ಚಪ್ಪಟೆ ಮುಖ ನಿಮ್ಮ ಕಡೆಗಿಟ್ಟು, ಕಾಲು ಕೆಳಗೆ ಮಾಡಿ ಹಿಡಿಯಿರಿ. 2ಎನ್5088ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಬೇಸ್ ಎರಡರಲ್ಲೂ ನಡುವೆಯೇ ಇರುವುದರಿಂದ ಸೌಂಡ್ ಪೂರ್ತಿ ಸಾಯುವುದಿಲ್ಲ, ಅದಕ್ಕೇ ಯಾಮಾರಿಸುತ್ತದೆ. ಹಾಗೆ ಉಲ್ಟಾ ಕೂತರೆ ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) ತೀರಾ ಕಮ್ಮಿ, ಇನ್‌ಪುಟ್ಟು ಗಿಟಾರಿನ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಸಿಗ್ನಲನ್ನೇ ಕುಗ್ಗಿಸುತ್ತದೆ. ಟ್ರೆಬಲ್ ಹೋಗಿದ್ದು ಅದರಿಂದಲೇ.

ಅರ್ಧ ಸುತ್ತು ತಿರುಗಿಸಿ ಚುಚ್ಚಿ. ಅದೇ ಪೀಸ್ ಬೇಡ, ಹೊಸದು ಹಾಕಿ. ಬಿಸಿ547ರ ಎಮಿಟರ್-ಬೇಸ್ ಉಲ್ಟಾ ವೋಲ್ಟೇಜ್ ಮಿತಿ 6 ವೋಲ್ಟ್. ನಿಮ್ಮದರ ಮೇಲೆ 8 (8.6ರಲ್ಲಿ 0.6 ಕಳೆದು) ಬಿದ್ದಿತ್ತು. ಆ ಸುಯ್ ಸದ್ದು ಅದರದ್ದೇ ಇರಬಹುದು.

ಇನ್ನೊಬ್ಬರು

ರೇಡಿಯೋಗೆ: ಬ್ರೆಡ್‌ಬೋರ್ಡಿನ ಉದ್ದ ವೈರುಗಳೇ ಆಂಟೆನಾ. ಬೇಸಿನಿಂದ ಗ್ರೌಂಡಿಗೆ 100 ಪಿಎಫ್ (ಪಿಕೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಹಾಕಿ. ಟ್ರೆಬಲ್ ಹೋಗುತ್ತದೆ ಅಂತ ಹೆದರಬೇಡಿ, ನಿಮ್ಮ ಗಿಟಾರ್ ಕೇಬಲ್ಲಿನಲ್ಲೇ ಅದಕ್ಕಿಂತ ಜಾಸ್ತಿ ಇರುತ್ತದೆ. ಇನ್‌ಪುಟ್ ವೈರ್ ಚಿಕ್ಕದು ಮಾಡಿ.

ಉದ್ದ ಬೋರ್ಡ್ ಆದರೆ ಅಂಚಿನ ಕೆಂಪು, ನೀಲಿ ಗೆರೆ ನಡುವೆ ತುಂಡಾಗಿದೆಯಾ ನೋಡಿ. ತುಂಡಾಗಿದ್ದರೆ ಆಚೆ ಅರ್ಧಕ್ಕೆ ಪವರ್ ಹೋಗುವುದಿಲ್ಲ, ಜಂಪರ್ ಬೇಕು.

ಇನ್ನು ಮುಂದಿನ ಸರ್ಕ್ಯೂಟಿಗೆ ಆಡಿಯೋ ಪ್ರೋಬ್ ಮಾಡಿಕೊಳ್ಳಿ. ಆಂಪ್‌ಗೆ ಹೋಗುವ ಕೇಬಲ್ಲಿನ ಒಳ ತಂತಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ, ಹೊರ ತಂತಿ ಗ್ರೌಂಡಿಗೆ. ಗಿಟಾರ್ ನುಡಿಸುತ್ತಾ ಕೆಪಾಸಿಟರ್ ತುದಿಯಿಂದ ಒಂದೊಂದೇ ಜಾಗ ಮುಟ್ಟುತ್ತಾ ಹೋದರೆ ಸೌಂಡ್ ಎಲ್ಲಿ ಸಾಯುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ. ಆಂಪ್ ವಾಲ್ಯೂಮ್ ಕಮ್ಮಿ ಇಟ್ಟಿರಿ. ಮುಟ್ಟಿದಾಗಲೆಲ್ಲ ಟಪ್ ಅನ್ನುತ್ತದೆ.

ಪ್ರಶ್ನೆ ಕೇಳಿದವರು

ಹೊಸ ಬಿಸಿ547 ತಿರುಗಿಸಿ ಹಾಕಿದೆ, ಕಲೆಕ್ಟರ್ 4.4. ಅಬ್ಬಾ, ಈಗ ಆಂಪ್ ಕಿರುಚುತ್ತದೆ! ರೇಡಿಯೋನೂ ಹೋಯಿತು. ವಾಲ್ಯೂಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಮುಟ್ಟಿದರೆ ಮಾತ್ರ ಚರಚರ ಅನ್ನುತ್ತದೆ.

ಇನ್ನೊಬ್ಬರು

ಪಾಟ್ ಕಾಲು ಬೋರ್ಡಿನ ತೂತಿನಲ್ಲಿ ಗಟ್ಟಿ ಕೂರುವುದಿಲ್ಲ. ಮೂರು ಕಾಲಿಗೂ ಒಂಟಿ ಎಳೆ ತಂತಿ ಬೆಸುಗೆ ಹಾಕಿ ಚುಚ್ಚಿ. ಜ್ಯಾಕ್‌ಗಳಿಗೂ ಅದೇ.